ಕೋಲಿಗೆ ತಕ್ಕ ರಾಟೆ, ಕಡಲಿಗೆ ತಕ್ಕ ಗಾಳ

ಕಡಲ ದಡದಲ್ಲಿ ಗಾಳ ಹಿಡಿದು ನಿಂತವನ ಸೋಲು ಬಹುಮಟ್ಟಿಗೆ ಕಡಲಿನಲ್ಲಿ ಆಗುವುದಿಲ್ಲ. ಊರಿನ ಅಂಗಡಿಯ ಮುಂದೆ ಅವನು ಹಣದ ಚೀಲ ಬಿಚ್ಚಿದ ಗಳಿಗೆಯಲ್ಲಿಯೇ ಅದು ಆಗಿಹೋಗಿರುತ್ತದೆ. ಕನ್ನಡದಲ್ಲಿ 'ಗಾಳ ಹಾಕುವುದು' ಎಂಬ ಮಾತಿಗೆ ಮನುಷ್ಯರನ್ನು ಮರುಳುಗೊಳಿಸಿ ಸೆಳೆಯುವುದು ಎಂಬ ಇನ್ನೊಂದು ಅರ್ಥವೂ ಉಂಟಷ್ಟೆ. ಗಾಳದ ಸಾಮಗ್ರಿಗಳನ್ನು ಮಾರುವೆಡೆಯಲ್ಲಿ ಮೊದಲು ಅನುಭವಕ್ಕೆ ಬರುವುದು ಈ ಎರಡನೆಯ ಅರ್ಥವೇ. ಮಿರುಗುವ ರಾಟೆಗಳು, ಬಣ್ಣಬಣ್ಣದ ಕೋಲುಗಳು, ಅವುಗಳ ಮೇಲೆ ಅಚ್ಚಾದ ಅಂಕೆಗಳು ಇವುಗಳ ನಡುವೆ ಕೊಳ್ಳುವವನೇ ಮೀನಾಗಿಬಿಡುತ್ತಾನೆ.

ರಜೆಯ ದಿನಗಳಲ್ಲಿ ಮಲ್ಪೆಗೋ ಕಾರವಾರಕ್ಕೋ ಹೊರಟ ಗೃಹಸ್ಥನು ಅಂಗಡಿಯವನನ್ನು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಎರಡರಲ್ಲಿ ಒಂದು. "ಇರುವುದರಲ್ಲಿ ಬಲವಾದದ್ದು ಯಾವುದು?" ಎಂಬುದು ಮೊದಲನೆಯದು. "ಎಲ್ಲದಕ್ಕೂ ಒದಗುವಂಥದು ಯಾವುದು?" ಎಂಬುದು ಎರಡನೆಯದು. ಎರಡೂ ಸಹಜವಾದ ಪ್ರಶ್ನೆಗಳೇ. ಆದರೆ ಎರಡೂ ದಾರಿ ತಪ್ಪಿಸುವಂಥವು. ಕೋಲು, ರೀಲು ಎಂದು ಎಲ್ಲರೂ ಕರೆಯುವ ದಾರದ ರಾಟೆ, ಮತ್ತು ದಾರ ಇವು ಮೂರು ಬಿಡಿ ವಸ್ತುಗಳಲ್ಲ. ಒಂದೇ ಯಂತ್ರದ ಮೂರು ಅಂಗಗಳು. ಜಾತಕ ಕೂಡದ ಗಂಡು ಹೆಣ್ಣುಗಳು ಬಿಡಿಯಾಗಿ ಎಷ್ಟೇ ಗುಣವಂತರಾದರೂ ಸಂಸಾರ ಸಾಗದೆಂದು ಹಿರಿಯರು ಹೇಳುತ್ತಿದ್ದರು. ಮದುವೆಯ ವಿಷಯದಲ್ಲಿ ಆ ಮಾತು ಹೇಗಾದರೂ ಇರಲಿ, ಗಾಳದ ವಿಷಯದಲ್ಲಿ ಮಾತ್ರ ಅಕ್ಷರಶಃ ನಿಜ.

ಹೊಂದಿಕೆ ತಪ್ಪಿದರೆ ಕೆಡುವುದು ಹಣವೊಂದೇ ಆಗಿದ್ದರೆ ಇಷ್ಟು ಹೇಳಬೇಕಾದುದಿರಲಿಲ್ಲ. ದಾರ ಹರಿದು ಹೋದ ಮೀನು ಬಾಯಲ್ಲಿ ಕೊಕ್ಕೆಯನ್ನು ಹೊತ್ತು, ಹಿಂದೆ ಹತ್ತಾರು ಮೀಟರು ದಾರವನ್ನು ಎಳೆದುಕೊಂಡು ಹೋಗುತ್ತದೆ. ಆ ದಾರ ಬಂಡೆಗೋ ಬೇರಿಗೋ ಸುತ್ತಿಕೊಂಡರೆ ಅದರ ಗತಿ ಮುಗಿಯಿತು. ಅತಿ ಹಗುರವಾದ ಸಾಮಗ್ರಿಯಿಂದ ಗಂಟೆಗಟ್ಟಲೆ ಆಡಿಸಿದ ಮೀನು ದಣಿದು, ಕೊನೆಗೆ ಕರುಣೆಯಿಂದ ನೀರಿಗೆ ಬಿಟ್ಟರೂ ಎಷ್ಟೋ ವೇಳೆ ಚೇತರಿಸಿಕೊಳ್ಳುವುದಿಲ್ಲ. ಆದುದರಿಂದ ಸರಿಯಾದ ಹೊಂದಿಕೆಯೆಂಬುದು ಜಾಣತನ ಮಾತ್ರವಲ್ಲ, ಜೀವದಯೆಯೂ ಹೌದು.

ಕ್ಯಾಟಲಿನಾ ದ್ವೀಪದ ಪಾಠ

ಕೋಲು ರಾಟೆಗಳಿಂದ ಕಡಲಿನ ದೊಡ್ಡ ಮೀನನ್ನು ಹಿಡಿಯಬಹುದೆಂಬ ನಂಬಿಕೆ ಬಹಳ ಹಳೆಯದಲ್ಲ. ಅಮೆರಿಕದ ಕ್ಯಾಲಿಫೋರ್ನಿಯ ತೀರದಾಚೆ ಸಾಂಟಾ ಕ್ಯಾಟಲಿನಾ ಎಂಬ ದ್ವೀಪವುಂಟು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಲ್ಲಿಗೆ ವಿಹಾರಕ್ಕೆ ಬಂದವರು ದಪ್ಪನೆಯ ಕೈದಾರಗಳನ್ನು ಎಸೆದು ಮೀನುಗಳನ್ನು ರಾಶಿರಾಶಿಯಾಗಿ ದಡಕ್ಕೆ ಎಳೆಯುತ್ತಿದ್ದರು. ಈ ಹತ್ಯೆಯನ್ನು ಕಂಡು ಬೇಸರಗೊಂಡವರಲ್ಲಿ ಪ್ರಕೃತಿವಿಜ್ಞಾನಿ ಚಾರ್ಲ್ಸ್ ಫ್ರೆಡರಿಕ್ ಹೋಲ್ಡರ್ ಒಬ್ಬನು. ಅವನು ೧೮೯೮ರ ಜೂನ್ ತಿಂಗಳಲ್ಲಿ ಕೋಲು ರಾಟೆಗಳಿಂದಲೇ ೧೮೩ ಪೌಂಡು ತೂಕದ, ಎಂದರೆ ಸುಮಾರು ೮೩ ಕಿಲೋ ತೂಕದ ಟ್ಯೂನಾ ಮೀನೊಂದನ್ನು ಹಿಡಿದನು. ಅದೇ ವರ್ಷ ಅವನೂ ಅವನ ಮಿತ್ರರೂ ಅಲ್ಲಿನ ಅವಲಾನ್ ಪಟ್ಟಣದಲ್ಲಿ ಟ್ಯೂನಾ ಕ್ಲಬ್ಬನ್ನು ಸ್ಥಾಪಿಸಿದರು. ಮೀನಿಗೂ ಪಾರಾಗುವ ನ್ಯಾಯವಾದ ಅವಕಾಶವಿರಬೇಕು ಎಂಬುದು ಅವರ ಸಿದ್ಧಾಂತವಾಗಿತ್ತು.

ಅಲ್ಲಿಯ ಗಾಳಗಾರರು ಮುಂದೆ ಏರ್ಪಡಿಸಿಕೊಂಡ ನಿಯಮಗಳಲ್ಲಿ ಒಂದು ಬಹು ಸ್ವಾರಸ್ಯವಾಗಿದೆ. ಕೋಲಿನ ಉದ್ದ ಆರು ಅಡಿಗಿಂತ ಕಡಮೆಯಿರಬಾರದು. ಅದರ ತೂಕ ಆರು ಔನ್ಸಿಗಿಂತ ಹೆಚ್ಚಿರಬಾರದು. ಅಗಸೆನಾರಿನ ದಾರದ ಎಳೆಗಳು ಆರಕ್ಕಿಂತ ಹೆಚ್ಚಿರಬಾರದು. ಮೂರು ಆರುಗಳ ಈ ಕಟ್ಟಳೆಗೆ 'ತ್ರೀ-ಸಿಕ್ಸ್' ಎಂದೇ ಹೆಸರಾಯಿತು. ಕೋಲನ್ನೂ ದಾರವನ್ನೂ ಬೇರೆ ಬೇರೆಯಾಗಿ ಎಣಿಸದೆ ಒಂದೇ ಲೆಕ್ಕದಲ್ಲಿ ತೂಗಿನೋಡುವ ಬುದ್ಧಿ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ.

ಆದರೆ ಅಂದಿನ ರಾಟೆಯಲ್ಲಿ ಒಂದು ದೊಡ್ಡ ಕೊರತೆಯಿತ್ತು. ಮೀನು ಓಡಿದಾಗ ದಾರದೊಡನೆ ರಾಟೆಯ ಹಿಡಿಯೂ ಗಿರ್ರನೆ ಹಿಂದಕ್ಕೆ ತಿರುಗುತ್ತಿತ್ತು. ಅದನ್ನು ತಡೆಯಲು ಹೆಬ್ಬೆರಳಿನ ಕೆಳಗೆ ಒಂದು ತೊಗಲಿನ ತುಂಡಲ್ಲದೆ ಬೇರೆ ಉಪಾಯವಿರಲಿಲ್ಲ. ಬೆರಳುಗಳ ಗೆಣ್ಣು ಜಜ್ಜಿಹೋಗುವುದು ಸಾಮಾನ್ಯವಾಗಿತ್ತು. ವಿಲಿಯಂ ಬೋಷನ್ ಎಂಬ ಹವ್ಯಾಸಿಯು ಇದಕ್ಕೊಂದು ಪರಿಹಾರ ಯೋಚಿಸಿದನು: ರಾಟೆಯೊಳಗೆ ಬಿಲ್ಲೆಗಳ ಅಡುಕು, ಹೊರಗೆ ನಕ್ಷತ್ರದ ಆಕಾರದ ತಿರುಪು. ತಿರುಪನ್ನು ಬಿಗಿದರೆ ಬಿಲ್ಲೆಗಳು ಒತ್ತಿಕೊಂಡು ದಾರ ಕಷ್ಟದಿಂದ ಬಿಚ್ಚುತ್ತದೆ. ಸಡಲಿಸಿದರೆ ಸುಲಭವಾಗಿ ಬಿಚ್ಚುತ್ತದೆ. ಹಿಡಿ ಮಾತ್ರ ಹಿಂದಕ್ಕೆ ತಿರುಗುವುದಿಲ್ಲ. ಬ್ರೂಕ್ಲಿನ್ನಿನ ರಾಟೆಗಾರ ಜೂಲಿಯಸ್ ವಾಮ್ ಹೋಫ್ ಅದನ್ನು ತಯಾರಿಸಿಕೊಟ್ಟನು. ೧೯೧೩ರಲ್ಲಿ ಬೋಷನ್ ಆ ರಾಟೆಯಿಂದ ಕ್ಯಾಟಲಿನಾದ ಸಮುದ್ರದಲ್ಲಿ ಕತ್ತಿಮೀನನ್ನು ಹಿಡಿದನು. ಕೋಲು ರಾಟೆಗಳಿಗೆ ಸಿಕ್ಕಿದ ಮೊದಲ ಕತ್ತಿಮೀನು ಅದೇ. ಗಾಳಗಾರರು ಇಂದು 'ಡ್ರ್ಯಾಗ್' ಎಂದು ಕರೆಯುವ ಈ ತಡೆಯೇ ಕಡಲ ರಾಟೆಯ ಜೀವಾಳ.

ಹಿಡಿಯುವುದು ಬಲವಲ್ಲ, ತಡೆ

ದಾರದ ಬಲ ಮೀನಿನ ತೂಕಕ್ಕೆ ಸಮನಾಗಿರಬೇಕೆಂದು ಹೊಸಬರೆಲ್ಲರೂ ಭಾವಿಸುತ್ತಾರೆ. ಹತ್ತು ಕಿಲೋ ಮೀನಿಗೆ ಹತ್ತು ಕಿಲೋ ದಾರ ಎಂಬ ಈ ಲೆಕ್ಕ ಎಷ್ಟು ತಪ್ಪೆಂಬುದಕ್ಕೆ ಒಂದು ನಿದರ್ಶನ ಸಾಕು. ೧೯೫೩ರ ಆಗಸ್ಟ್ ೪ರಂದು ಪೆರು ದೇಶದ ಕಾಬೊ ಬ್ಲಾಂಕೊ ಎಂಬಲ್ಲಿ ಆಲ್‌ಫ್ರೆಡ್ ಗ್ಲಾಸೆಲ್ ಎಂಬಾತನು ೧,೫೬೦ ಪೌಂಡು, ಎಂದರೆ ಸುಮಾರು ೭೦೭ ಕಿಲೋ ತೂಕದ ಕರಿ ಮಾರ್ಲಿನ್ ಮೀನನ್ನು ಹಿಡಿದನು. ೧೯೩೯ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಗಾಳಗಾರರ ಸಂಘದ ದಾಖಲೆಯಲ್ಲಿ ಆ ಮೀನು ೧೩೦ ಪೌಂಡು ದಾರದ ವರ್ಗದಲ್ಲಿದೆ. ಮೀನಿನ ತೂಕ ದಾರದ ಬಲಕ್ಕೆ ಹನ್ನೆರಡು ಪಟ್ಟು! ಆದರೂ ದಾರ ಹರಿಯಲಿಲ್ಲ. ಆ ಮೀನು ಗಾಳಕ್ಕೆ ಸಿಕ್ಕ ಚಲನಚಿತ್ರದ ತುಣುಕುಗಳನ್ನು ಮುಂದೆ ೧೯೫೮ರಲ್ಲಿ, ಹೆಮಿಂಗ್ವೆಯ ಕಾದಂಬರಿಯನ್ನು ಆಧರಿಸಿ ತೆಗೆದ 'ದಿ ಓಲ್ಡ್ ಮ್ಯಾನ್ ಅಂಡ್ ದಿ ಸೀ' ಚಿತ್ರದಲ್ಲಿ ಬಳಸಿಕೊಂಡರು.

ಹನ್ನೆರಡು ಪಟ್ಟು ತೂಕದ ಜೀವವನ್ನು ಆ ದಾರ ಹೇಗೆ ಹಿಡಿಯಿತು? ದಾರ ಮೀನನ್ನು ಹಿಡಿಯಲಿಲ್ಲ, ದಣಿಸಿತು. ನೀರಿನಲ್ಲಿ ಮೀನಿನ ಭಾರ ನಮ್ಮ ಕೈಗೆ ಬರುವುದಿಲ್ಲ. ಬರುವುದು ಅದರ ಎಳೆತ. ಆ ಎಳೆತ ಒಂದು ಮಿತಿಯನ್ನು ಮೀರಿದೊಡನೆ ರಾಟೆಯು ದಾರವನ್ನು ಬಿಟ್ಟುಕೊಡಬೇಕು. ಆದರೆ ಪುಕ್ಕಟೆಯಾಗಿ ಬಿಟ್ಟುಕೊಡಬಾರದು. ಒಂದೊಂದು ಮಾರಿಗೂ ಮೀನು ತನ್ನ ಕಸುವನ್ನು ಬೆಲೆಯಾಗಿ ತೆರಬೇಕು. ತಡೆಯ ಕೆಲಸ ಇಷ್ಟೇ.

ಈ ತಡೆಯನ್ನು ಎಷ್ಟಕ್ಕೆ ಬಿಗಿಯಬೇಕು? ದಾರದ ಬಲದಲ್ಲಿ ನಾಲ್ಕನೆಯ ಒಂದು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಎಂಬುದು ಅನುಭವಿಗಳ ನಿಯಮ. ಮೂವತ್ತು ಪೌಂಡಿನ ದಾರವಾದರೆ ಎಂಟರಿಂದ ಹತ್ತು ಪೌಂಡು. ಉಳಿದ ಬಲ ವ್ಯರ್ಥವಲ್ಲವೆ ಎಂದು ಕೇಳಬಹುದು. ಅಲ್ಲ; ಅದಕ್ಕೆ ಕಾರಣವುಂಟು. ಬಾವಿಯ ರಾಟೆಯನ್ನು ನೋಡಿದವರಿಗೆ ಇದು ತಿಳಿಯುವುದು ಕಷ್ಟವಲ್ಲ. ದಾರದ ಉರುಳೆ ತುಂಬಿದ್ದಾಗ ಮೀನು ದೊಡ್ಡ ಸುತ್ತಿನ ಅಂಚಿನಿಂದ ಎಳೆಯುತ್ತದೆ; ದಾರ ಬಿಚ್ಚುತ್ತ ಹೋದಂತೆ ಸುತ್ತು ಚಿಕ್ಕದಾಗುತ್ತದೆ. ಸುತ್ತು ಅರ್ಧಕ್ಕಿಳಿದಾಗ, ತಿರುಪನ್ನು ಯಾರೂ ಮುಟ್ಟದಿದ್ದರೂ, ತಡೆ ತಾನಾಗಿಯೇ ಇಮ್ಮಡಿಯಾಗಿರುತ್ತದೆ. ಹತ್ತು ಪೌಂಡು ಇಪ್ಪತ್ತಾಯಿತು. ಇದರ ಮೇಲೆ, ನೂರಾರು ಮೀಟರು ದಾರ ನೀರನ್ನು ಸೀಳಿಕೊಂಡು ಹೋಗುವಾಗಿನ ಘರ್ಷಣೆ ಬೇರೆ. ಕೋಲಿನ ಬಳೆಗಳಲ್ಲಿ ದಾರ ಉಜ್ಜುವುದು ಬೇರೆ. ಆರಂಭದಲ್ಲಿಯೇ ಇಪ್ಪತ್ತಕ್ಕೆ ಬಿಗಿದಿದ್ದವನ ದಾರ ಈ ಹೊತ್ತಿಗೆ ಹರಿದುಹೋಗಿರುತ್ತದೆ. ಮೀನು ದೂರ ಓಡಿದಾಗ ತಿರುಪನ್ನು ಬಿಗಿಯಬೇಕೆಂದು ಮನಸ್ಸು ಹೇಳುತ್ತದೆ. ಲೆಕ್ಕ ಮಾತ್ರ ಸಡಲಿಸೆಂದು ಹೇಳುತ್ತದೆ. ಗಾಳಗಾರನು ಲೆಕ್ಕದ ಮಾತನ್ನೇ ಕೇಳತಕ್ಕದ್ದು.

ಇದನ್ನು ಅಂದಾಜಿನಿಂದ ಮಾಡಬೇಕಾಗಿಲ್ಲ. ಅಡಿಗೆಮನೆಯಲ್ಲಿ ತರಕಾರಿ ತೂಗುವ ಸ್ಪ್ರಿಂಗಿನ ಕೊಕ್ಕೆತಕ್ಕಡಿಯೊಂದಿದ್ದರೆ, ದಾರದ ತುದಿಯನ್ನು ಅದಕ್ಕೆ ಕಟ್ಟಿ, ಕೋಲನ್ನು ಬಾಗಿಸಿ ಎಳೆದರೆ ಸಾಕು. ಯಾವ ಅಂಕೆಯಲ್ಲಿ ರಾಟೆ ದಾರ ಬಿಡುತ್ತದೆಂಬುದು ಕಣ್ಣಿಗೇ ಕಾಣುತ್ತದೆ. ರಾಟೆಯನ್ನು ಆರಿಸುವಾಗ ನೋಡಬೇಕಾದುದು ತಡೆಯ ಗರಿಷ್ಠ ಬಲವನ್ನಲ್ಲ, ಅದರ ನಯವನ್ನು. ಮೊದಲು ಅಂಟಿಕೊಂಡು, ಆಮೇಲೆ ಥಟ್ಟನೆ ಜಾರುವ ತಡೆ ದಾರಕ್ಕೆ ಶತ್ರು. ಕೈಯಿಂದ ದಾರವನ್ನು ಮೆಲ್ಲಗೆ ಎಳೆದಾಗ ಜಗ್ಗಾಟವಿಲ್ಲದೆ, ಬೆಣ್ಣೆಯಲ್ಲಿ ಎಳೆದಂತೆ ದಾರ ಬರಬೇಕು.

ರಾಟೆಗಳ ಎರಡು ಕುಲ

ಅಂಗಡಿಯಲ್ಲಿ ನೂರು ಬಗೆಯ ರಾಟೆಗಳು ಕಂಡರೂ ಅವುಗಳ ಕುಲ ಎರಡೇ. ಒಂದರಲ್ಲಿ ಉರುಳೆಯೇ ತಿರುಗುತ್ತದೆ. ಇನ್ನೊಂದರಲ್ಲಿ ಉರುಳೆ ನಿಂತಿರುತ್ತದೆ, ಅದರ ಸುತ್ತ ಒಂದು ಕಂಬಿ ತಿರುಗಿ ದಾರವನ್ನು ಸುತ್ತುತ್ತದೆ. ಈ ಎರಡನೆಯದನ್ನು ಬಳಕೆಗೆ ತಂದವನು ಇಂಗ್ಲೆಂಡಿನ ಬ್ರಾಡ್‌ಫರ್ಡ್ ಪಟ್ಟಣದ ಆಲ್‌ಫ್ರೆಡ್ ಹೋಲ್ಡನ್ ಇಲ್ಲಿಂಗ್‌ವರ್ತ್. ೧೯೦೫ರಲ್ಲಿ ಅವನು ಅದಕ್ಕೆ ಪೇಟೆಂಟ್ ಪಡೆದನು. ಅವನು ನೂಲಿನ ಗಿರಣಿಗಳ ಮನೆತನದವನು. ಕದಿರಿನ ತುದಿಯಿಂದ ನೂಲು ಜಾರಿ ಬರುವುದನ್ನು ಕಂಡು ಈ ಉಪಾಯ ಅವನಿಗೆ ಹೊಳೆಯಿತೆಂಬ ಹೇಳಿಕೆಯುಂಟು. ನಿಂತ ಉರುಳೆಯ ತುದಿಯಿಂದ ದಾರ ತಾನಾಗಿ ಜಾರುವುದರಿಂದ ಹಗುರವಾದ ಎರೆಯನ್ನೂ ದೂರ ಎಸೆಯಬಹುದು. ಹೊಸಬನ ಕೈಯಲ್ಲಿಯೂ ದಾರ ಸಿಕ್ಕುಗಟ್ಟುವುದು ಕಡಮೆ.

ತಿರುಗುವ ಉರುಳೆಯ ಗುಣವೇ ಬೇರೆ. ಎಸೆಯುವಾಗ ಉರುಳೆಯ ವೇಗ ದಾರದ ವೇಗವನ್ನು ಮೀರಿದರೆ ಗುಬ್ಬಿಯ ಗೂಡಿನಂತಹ ಸಿಕ್ಕು ಕೈಸೇರುತ್ತದೆ; ಹೆಬ್ಬೆರಳಿಗೆ ಶಿಕ್ಷಣ ಬೇಕು. ಆದರೆ ದಾರ ನೇರವಾಗಿ ಸುತ್ತಿಕೊಳ್ಳುವುದರಿಂದ ಅದಕ್ಕೆ ಗಟ್ಟಿತನ ಹೆಚ್ಚು. ಚಲಿಸುವ ದೋಣಿಯ ಹಿಂದೆ ಎರೆಯನ್ನು ಎಳೆಸುವುದಕ್ಕೂ, ಆಳದ ನೀರಿಗೆ ಭಾರವಾದ ಎರೆಯನ್ನು ನೇರವಾಗಿ ಇಳಿಸುವುದಕ್ಕೂ ಅದೇ ಮೇಲು. ದಡದಿಂದಲೋ ಅಳಿವೆಯಿಂದಲೋ ಎಸೆಯುವ ಗೃಹಸ್ಥನಿಗೆ ನಿಂತ ಉರುಳೆಯ ರಾಟೆ ಸಾಕು. ವರ್ಷಕ್ಕೆ ಹಲವು ಸಲ ದೋಣಿಯೇರುವವನು ತಿರುಗುವ ಉರುಳೆಯನ್ನು ಯೋಚಿಸಬಹುದು.

ಒಂದು ಮಾತನ್ನು ನೆನಪಿಡಬೇಕು. ನಿಂತ ಉರುಳೆಯ ರಾಟೆಗೆ ಮಾಡುವ ಕೋಲಿನಲ್ಲಿ ಮೊದಲ ಬಳೆ ದೊಡ್ಡದು, ಮತ್ತು ಕೋಲಿನ ಕೆಳಬದಿಗೆ ಇರುತ್ತದೆ. ಏಕೆಂದರೆ ದಾರ ಅಗಲವಾಗಿ ಸುರುಳಿ ಸುತ್ತುತ್ತ ಹೊರಬರುತ್ತದೆ. ತಿರುಗುವ ಉರುಳೆಯ ಕೋಲಿನಲ್ಲಿ ಬಳೆಗಳು ಚಿಕ್ಕವು. ರಾಟೆಯೂ ಬಳೆಗಳೂ ಮೇಲ್ಬದಿಗಿರುತ್ತವೆ. ಒಂದರ ಕೋಲಿಗೆ ಇನ್ನೊಂದರ ರಾಟೆಯನ್ನು ತೊಡಿಸುವುದು ಬಲಗಾಲಿನ ಮೆಟ್ಟನ್ನು ಎಡಗಾಲಿಗೆ ಹಾಕಿಕೊಂಡಂತೆ.

ರಾಟೆಗಳ ಮೇಲಿನ ೨೫೦೦, ೪೦೦೦, ೮೦೦೦ ಎಂಬ ಅಂಕೆಗಳು ಗಾತ್ರವನ್ನು ಸೂಚಿಸುತ್ತವೆ. ಅಂಕೆ ಹೆಚ್ಚಿದಂತೆ ಗಾತ್ರ ಹೆಚ್ಚು. ಆದರೆ ಕಂಪನಿಯಿಂದ ಕಂಪನಿಗೆ ಈ ಅಳತೆ ಸರಿಸಮವಲ್ಲ. ಆದುದರಿಂದ ಉರುಳೆಯ ಮೇಲೆ ಅಚ್ಚಾಗಿರುವ ಇನ್ನೊಂದು ಲೆಕ್ಕವನ್ನೇ, ಎಂದರೆ ಇಂತಿಷ್ಟು ದಪ್ಪದ ದಾರ ಇಂತಿಷ್ಟು ಮೀಟರು ಹಿಡಿಯುತ್ತದೆಂಬುದನ್ನೇ ಓದಿಕೊಳ್ಳುವುದು ಲೇಸು. ಹಿಡಿಯನ್ನು ಒಂದು ಸುತ್ತು ತಿರುಗಿಸಿದರೆ ಉರುಳೆ ಎಷ್ಟು ಸುತ್ತು ಸುತ್ತುತ್ತದೆಂಬುದೂ ಅಲ್ಲಿರುತ್ತದೆ. ಆರು ಸುತ್ತಿನ ರಾಟೆ ಚುರುಕು. ನಾಲ್ಕೂವರೆ ಸುತ್ತಿನದು ಬಲಶಾಲಿ. ಸೈಕಲಿನ ಗೇರನ್ನು ಬಲ್ಲ ಹುಡುಗನೂ ಇದರ ಮರ್ಮವನ್ನು ತಂದೆಗೆ ವಿವರಿಸಬಲ್ಲನು.

ಕೋಲಿನ ಗುಣ

ಕೋಲಿಗೆ ಮೂರು ಕೆಲಸ: ಎರೆಯನ್ನು ಎಸೆಯುವುದು, ಮೀನಿನ ಜಗ್ಗಾಟವನ್ನು ತಾನು ಬಾಗಿ ನುಂಗಿಕೊಳ್ಳುವುದು, ಸಮಯ ನೋಡಿ ಮೀನನ್ನು ಎತ್ತುವುದು. ಈ ಮೂರಕ್ಕೂ ಒಂದೇ ಉದ್ದ ಹೊಂದುವುದಿಲ್ಲವೆಂಬುದೇ ತೊಡಕು. ಎಸೆಯುವುದಕ್ಕೆ ಉದ್ದನೆಯ ಕೋಲು ಬೇಕು. ಎತ್ತುವುದಕ್ಕೆ ಗಿಡ್ಡನೆಯದು ಬೇಕು. ಉದ್ದನೆಯ ಕೋಲು ಒಂದು ಸನ್ನೆಗೋಲೇ ನಿಜ. ಆದರೆ ಅದರ ಉದ್ದನೆಯ ತುದಿ ಮೀನಿನ ಕಡೆಗಿದೆ! ಬುಡವನ್ನು ಹೊಟ್ಟೆಗೆ ಆನಿಸಿಕೊಂಡು, ಅಲ್ಲಿಂದ ಎರಡಡಿ ಮೇಲೆ ಕೋಲನ್ನು ಹಿಡಿದಿದ್ದಾನೆನ್ನಿ. ಕೋಲು ಬಾಗದೆ ಸೆಟೆದು ನಿಂತರೆ, ಹತ್ತಡಿ ಕೋಲಿನ ತುದಿಯಲ್ಲಿ ಐದು ಕಿಲೋ ಎಳೆತ ಕೈಗೆ ಇಪ್ಪತ್ತೈದು ಕಿಲೋ ಆಗುತ್ತದೆ. ಆರಡಿ ಕೋಲಿನಲ್ಲಿ ಹದಿನೈದೇ ಆಗುತ್ತದೆ. ಕೋಲು ಬಾಗಿದಷ್ಟೂ ಈ ಹೊರೆ ಇಳಿಯುತ್ತದೆ. ಮರಳ ದಡದಲ್ಲಿ ಹತ್ತರಿಂದ ಹನ್ನೆರಡು ಅಡಿಯ ಕೋಲುಗಳೂ, ದೋಣಿಯಲ್ಲಿ ಐದೂವರೆಯಿಂದ ಏಳು ಅಡಿಯವೂ ರೂಢಿಗೆ ಬಂದುದರ ಗುಟ್ಟು ಇದೇ.

ಕೋಲಿನ ದ್ರವ್ಯವೂ ಕಾಲಕಾಲಕ್ಕೆ ಬದಲಾಗಿದೆ. ಮೊದಲು ಮರ, ಬಳಿಕ ಚೀನದ ಬಿದಿರಿನ ಸೀಳುಗಳನ್ನು ಅಂಟಿಸಿದ ಕೋಲು. ೧೯೪೦ರ ದಶಕದ ಕೊನೆಗೆ ಗಾಜಿನ ನಾರಿನ ಫೈಬರ್‌ಗ್ಲಾಸ್. ೧೯೭೦ರ ದಶಕದಲ್ಲಿ ಕಾರ್ಬನ್ ನಾರು. ಕಾರ್ಬನ್ ಕೋಲು ಹಗುರ, ಚುರುಕು. ಎರೆಯನ್ನು ಮೀನು ಮೂಸಿದರೂ ಕೈಗೆ ತಿಳಿಯುತ್ತದೆ. ಆದರೆ ಬಂಡೆಗೆ ಬಡಿದರೆ ಬಿರುಕು ಬಿಡುತ್ತದೆ. ಗಾಜುನಾರಿನದು ತುಸು ಭಾರ, ತುಸು ಮಂದ. ಆದರೆ ಒರಟು ಬಳಕೆಯನ್ನು ಸಹಿಸುತ್ತದೆ. ಮಕ್ಕಳಿಗೆ ಕೊಡುವ ಮೊದಲ ಕೋಲು ಗಾಜುನಾರಿನದಾಗಿದ್ದರೆ ಮನೆಯಲ್ಲಿ ಶಾಂತಿಯಿರುತ್ತದೆ. ಇನ್ನೊಂದು ಎಚ್ಚರಿಕೆ: ಕಾರ್ಬನ್ ವಿದ್ಯುತ್ತಿನ ವಾಹಕ. ಗುಡುಗು ಸಿಡಿಲುಗಳ ಹೊತ್ತಿನಲ್ಲಿ ಬಯಲು ದಡದಲ್ಲಿ ಅದನ್ನು ಎತ್ತಿ ಹಿಡಿಯುವುದಾಗಲಿ, ವಿದ್ಯುತ್ ತಂತಿಗಳ ಕೆಳಗೆ ಹೊತ್ತು ನಡೆಯುವುದಾಗಲಿ ಪ್ರಾಣಕ್ಕೆ ಅಪಾಯ.

ಕೋಲಿನ ಬುಡದಲ್ಲಿ ಎರಡು ಅಳತೆಗಳನ್ನು ಬರೆದಿರುತ್ತಾರೆ. ಒಂದು, ಅದು ತಾಳುವ ದಾರದ ಬಲ. ಇನ್ನೊಂದು, ಅದು ಚೆನ್ನಾಗಿ ಎಸೆಯಬಲ್ಲ ಎರೆಯ ತೂಕ. ಇವೆರಡನ್ನು ಓದದೆ ಕೋಲನ್ನು ಕೊಳ್ಳುವುದು ಲಗ್ನಪತ್ರಿಕೆಯನ್ನು ಓದದೆ ಮದುವೆಗೆ ಹೊರಟಂತೆ. ಯಾರ ಮನೆಯ ಚಪ್ಪರಕ್ಕೆ ಹೋಗಿ ಕುಳಿತೇವೋ ಹೇಳಬರುವುದಿಲ್ಲ.

ನಮ್ಮ ಕರಾವಳಿಯ ನಾಲ್ಕು ನೀರು

ತತ್ತ್ವವನ್ನು ತಿಳಿದ ಮೇಲೆ ಪ್ರಯೋಗವನ್ನು ನೋಡಬೇಕು. ಅದಕ್ಕೆ ಕ್ಯಾಲಿಫೋರ್ನಿಯದವರೆಗೆ ಹೋಗಬೇಕಾಗಿಲ್ಲ. ಕಾರವಾರದಿಂದ ಮಂಗಳೂರಿನವರೆಗಿನ ನಮ್ಮ ಕರಾವಳಿಯಲ್ಲಿಯೇ ನಾಲ್ಕು ಬಗೆಯ ನೀರುಂಟು, ನಾಲ್ಕು ಬಗೆಯ ಹೊಂದಿಕೆಯುಂಟು.

ಮೊದಲನೆಯದು ಅಳಿವೆಯ ಮರಳುತಳ. ಕಾಳಿ, ಅಘನಾಶಿನಿ, ಶರಾವತಿ, ಶಾಂಭವಿ ಮೊದಲಾದ ನದಿಗಳು ಕಡಲನ್ನು ಸೇರುವೆಡೆಯಲ್ಲಿ ಕಾಣೆ ಮೀನು ಮರಳನ್ನು ಕೆದಕುತ್ತ ಮೇಯುತ್ತದೆ. ಮೀನು ಗೇಣುದ್ದ, ಬಾಯಿ ಚಿಕ್ಕದು, ಸ್ವಭಾವ ಸಂಕೋಚದ್ದು. ಇದಕ್ಕೆ ಏಳಡಿಯ ಹಗುರ ಕೋಲು, ೨೫೦೦ ಗಾತ್ರದ ರಾಟೆ, ಆರರಿಂದ ಎಂಟು ಪೌಂಡಿನ ನೈಲಾನ್ ದಾರ, ಸಣ್ಣ ಕೊಕ್ಕೆ, ಸಿಗಡಿಯ ಚೂರು ಇಷ್ಟಿದ್ದರೆ ಸಾಕು. ಕುಟುಂಬಸಮೇತ ಹೋದವರಿಗೆ ಇದಕ್ಕಿಂತ ಒಳ್ಳೆಯ ಆರಂಭವಿಲ್ಲ.

ಎರಡನೆಯದು ಅದೇ ಅಳಿವೆಯ ಕಾಂಡ್ಲಾ ಗಿಡಗಳ ಬೇರುಗಳ ನೆರೆ. ಅಲ್ಲಿ ಕೆಂಬೇರಿ ಅಡಗಿರುತ್ತದೆ. ಅದು ಎರೆಯನ್ನು ಕಚ್ಚಿದೊಡನೆ ಮಾಡುವ ಮೊದಲ ಕೆಲಸ ಬೇರಿನ ಗೂಡಿಗೆ ಮರಳಿ ನುಗ್ಗುವುದು. ಇಲ್ಲಿ ಮೀನಿಗೆ ದಾರ ಬಿಟ್ಟು ದಣಿಸುವ ವಿದ್ಯೆ ನಡೆಯದು. ಎರಡು ಮಾರು ಬಿಟ್ಟರೆ ಮೀನೂ ಹೋಯಿತು, ದಾರವೂ ಹೋಯಿತು. ಆದುದರಿಂದ ಮೀನು ಎರಡು ಮೂರು ಕಿಲೋದ್ದೇ ಆದರೂ ದಾರ ಇಪ್ಪತ್ತರಿಂದ ಮೂವತ್ತು ಪೌಂಡಿನ ಹೆಣೆದ ದಾರವಾಗಿರಬೇಕು. ತುದಿಗೆ ನಲವತ್ತು ಪೌಂಡಿನ ದಪ್ಪ ನೈಲಾನಿನ ಒಂದು ಮಾರು. ಆರೂವರೆ ಅಡಿಯ ಬಿರುಸಾದ ಕೋಲು. ೪೦೦೦ ಗಾತ್ರದ ರಾಟೆ. ಮೀನಿನ ತೂಕಕ್ಕಿಂತ ಅದು ವಾಸಿಸುವ ಸ್ಥಳವೇ ಸಾಮಗ್ರಿಯನ್ನು ನಿರ್ಧರಿಸುತ್ತದೆ ಎಂಬುದಕ್ಕೆ ಇದು ಉತ್ತಮ ದೃಷ್ಟಾಂತ.

ಹೆಣೆದ ದಾರದ ವಿಷಯ ಬಂದುದರಿಂದ ಒಂದು ಮಾತು. ಮೂವತ್ತು ಪೌಂಡಿನ ಹೆಣೆದ ದಾರ ಎಂಟು ಪೌಂಡಿನ ನೈಲಾನಿನಷ್ಟೇ ತೆಳ್ಳಗಿರುತ್ತದೆ, ಹಿಗ್ಗುವುದೇ ಇಲ್ಲವೆನ್ನಬಹುದು. ಉರುಳೆಯಲ್ಲಿ ಹೆಚ್ಚು ಹಿಡಿಯುತ್ತದೆ, ದೂರ ಹೋಗುತ್ತದೆ, ಸುಳಿವನ್ನು ಕೂಡಲೇ ತಿಳಿಸುತ್ತದೆ. ಆದರೆ ಬಂಡೆಗೆ ಉಜ್ಜಿದರೆ ಬೇಗ ಹರಿಯುತ್ತದೆ. ಬರಿಗೈಗೆ ಸುತ್ತಿಕೊಂಡರೆ ಬೆರಳನ್ನು ಕೊಯ್ಯುತ್ತದೆ. ನೈಲಾನು ಹಿಗ್ಗುತ್ತದೆ, ಆ ಹಿಗ್ಗು ಹೊಸಬನ ತಪ್ಪುಗಳನ್ನು ಮನ್ನಿಸುತ್ತದೆ.

ಮೂರನೆಯದು ತೆರೆಯೊಡೆಯುವ ಮರಳ ದಡ. ಎರೆಯನ್ನು ತೆರೆಗಳ ಆಚೆ ಇಳಿಸಬೇಕು. ಸೆಳೆತಕ್ಕೆ ಸರಿಯದಂತೆ ಸೀಸದ ಗುಂಡು ನಿಲ್ಲಬೇಕು. ಎಂಬತ್ತರಿಂದ ನೂರಿಪ್ಪತ್ತು ಗ್ರಾಮು ಎಸೆಯಬಲ್ಲ ಹತ್ತರಿಂದ ಹನ್ನೆರಡು ಅಡಿಯ ಕೋಲು, ಇನ್ನೂರೈವತ್ತು ಮೀಟರು ದಾರ ಹಿಡಿಯುವ ೬೦೦೦ದಿಂದ ೮೦೦೦ ಗಾತ್ರದ ರಾಟೆ, ಮತ್ತು ಎಸೆತದ ಅದಟನ್ನು ತಾಳಲು ದಾರದ ಮುಂತುದಿಗೆ ದಪ್ಪ ದಾರದ ಜೋಡಣೆ ಇವು ಇಲ್ಲಿ ಬೇಕು. ಈ ಜೋಡಣೆಯಿಲ್ಲದೆ ಎಸೆದರೆ ದಾರ ಹರಿದು ಸೀಸದ ಗುಂಡು ಬಂದೂಕಿನ ಗುಂಡಿನಂತೆ ಹಾರುತ್ತದೆ. ದಡದಲ್ಲಿ ಆಡುವ ಮಕ್ಕಳ ದಿಕ್ಕು ನೋಡಿಕೊಳ್ಳಬೇಕು.

ನಾಲ್ಕನೆಯದು ದೋಣಿಯಿಂದ ಹಿಡಿಯುವ ತೆರೆದ ಕಡಲು. ಅಲ್ಲಿ ಅಂಜಲ್, ಕೇದರ ಮೊದಲಾದ ಓಟದ ಮೀನುಗಳು. ಆರೂವರೆ ಅಡಿಯ ಕೋಲು, ಮೂವತ್ತು ಪೌಂಡಿನ ದಾರ ಮುನ್ನೂರು ಮೀಟರು ಹಿಡಿಯುವ ತಿರುಗುವ ಉರುಳೆ, ನಯವಾದ ತಡೆ ಇವು ಬೇಕು. ಅಂಜಲಿನ ಹಲ್ಲು ಕತ್ತರಿಯಂಥದು, ನೈಲಾನನ್ನು ಕತ್ತರಿಸಿಬಿಡುತ್ತದೆ. ಕೊಕ್ಕೆಯ ಮುಂದೆ ಗೇಣುದ್ದ ತಂತಿಯಿಲ್ಲದಿದ್ದರೆ ಸಾವಿರಾರು ರೂಪಾಯಿಯ ರಾಟೆಯೂ ನಿಷ್ಪ್ರಯೋಜಕ.

ಅಂಡಮಾನಿನ ದೈತ್ಯ ಟ್ರೆವಲಿಗಾಗಿ ಮಾಡಿದ ಎಂಬತ್ತು ಪೌಂಡಿನ ಹೆಣೆದ ದಾರ, ಎಂಟಡಿಯ ಬಿರುಸು ಕೋಲು, ಅಂಗೈ ತುಂಬುವ ರಾಟೆ ಇವುಗಳನ್ನು ಕೆಲವರು ಅಭಿಮಾನದಿಂದ ನಮ್ಮ ಅಳಿವೆಗೆ ತರುವುದುಂಟು. ಗೇಣುದ್ದದ ಕಾಣೆಗೆ ಅದು ಗುಬ್ಬಿಯ ಮೇಲೆ ಪ್ರಯೋಗಿಸಿದ ಬ್ರಹ್ಮಾಸ್ತ್ರ. ಕಾಣೆಯ ಕೋಲನ್ನು ಹಿಡಿದು ಅಂಡಮಾನಿಗೆ ಹೋದವನ ಪಾಡು ಇದಕ್ಕೂ ಶೋಚನೀಯ.

ಕೊಳ್ಳುವ ಕ್ರಮ

ಇಷ್ಟನ್ನೂ ಒಂದು ಸೂತ್ರದಲ್ಲಿ ಕಟ್ಟಬಹುದು. ಅಂಗಡಿಯಲ್ಲಿ ಮೊದಲು ಕಣ್ಣಿಗೆ ಬೀಳುವುದು ರಾಟೆ, ಆಮೇಲೆ ಕೋಲು, ಕೊನೆಗೆ ದಾರ. ಆಲೋಚಿಸಬೇಕಾದ ಕ್ರಮ ಇದಕ್ಕೆ ತಲೆಕೆಳಗು. ಮೊದಲು ನೀರು: ಎಲ್ಲಿ ನಿಲ್ಲುವೆವು? ಅನಂತರ ಮೀನು: ಅಲ್ಲಿ ಯಾವುದುಂಟು, ಕಚ್ಚಿದ ಮೇಲೆ ಏನು ಮಾಡುತ್ತದೆ? ಅದಾದ ಮೇಲೆ ಎರೆ: ಎಷ್ಟು ತೂಕ, ಎಷ್ಟು ದೂರ? ಇವುಗಳಿಂದ ದಾರ ನಿಶ್ಚಯವಾಗುತ್ತದೆ. ಆ ದಾರವನ್ನು ಬೇಕಾದಷ್ಟು ಹಿಡಿದು, ಅದರ ಮೂರನೆಯ ಒಂದು ಭಾಗದ ತಡೆಯನ್ನು ನಯವಾಗಿ ಕೊಡಬಲ್ಲ ರಾಟೆ ಯಾವುದೋ ಅದೇ ರಾಟೆ. ಆ ದಾರಕ್ಕೂ ಎರೆಗೂ ಹೇಳಿದ ಕೋಲು ಯಾವುದೋ ಅದೇ ಕೋಲು. ಕೊನೆಗೆ ರಾಟೆಯನ್ನು ಕೋಲಿಗೆ ತೊಡಿಸಿ ಕೈಯಲ್ಲಿ ಹಿಡಿದುನೋಡಬೇಕು. ತುದಿ ಮುಗ್ಗರಿಸದೆ, ಬುಡ ಜೋಲದೆ, ರಾಟೆಯ ಬಳಿ ಎರಡು ಬೆರಳಿನ ಮೇಲೆ ತೂಗಿ ನಿಂತರೆ ದಿನವಿಡೀ ಎಸೆದರೂ ಮಣಿಕಟ್ಟು ನೋಯದು.

ಹಣ ಮಿತವಾಗಿದ್ದರೆ ಎಲ್ಲಿ ಉಳಿಸಬೇಕು? ಕೋಲಿನಲ್ಲಿ ಉಳಿಸಬಹುದು, ಸಾಧಾರಣ ಕೋಲೂ ಬಹುಕಾಲ ಬಾಳುತ್ತದೆ. ರಾಟೆಯಲ್ಲಿ ಉಳಿಸುವುದು ಕಷ್ಟ. ಉಪ್ಪು ಮೊದಲು ನುಂಗುವುದು ಅದನ್ನೇ. ದಾರದಲ್ಲಿ ಮಾತ್ರ ಉಳಿಸಲೇಬಾರದು. ಮೀನಿಗೂ ಮನುಷ್ಯನಿಗೂ ನಡುವೆ ಇರುವ ಸಂಬಂಧವೆಲ್ಲ ಆ ಒಂದು ಎಳೆಯೇ.

ಉಪ್ಪಿನ ಋಣ

ಸಿಹಿನೀರಿನ ರಾಟೆಯನ್ನು ಕಡಲಿಗೆ ಒಯ್ದವನು ಒಂದೆರಡು ಪ್ರವಾಸಗಳಲ್ಲಿಯೇ ಪಶ್ಚಾತ್ತಾಪ ಪಡುತ್ತಾನೆ. ಉಪ್ಪುನೀರಿನಲ್ಲಿ ನೆನೆದ ಅಲ್ಯುಮಿನಿಯಂ ಮತ್ತು ಉಕ್ಕು ಒಂದಕ್ಕೊಂದು ತಗಲಿದರೆ ಬ್ಯಾಟರಿಯಲ್ಲಿ ನಡೆಯುವಂಥ ಕ್ರಿಯೆಯೇ ಅಲ್ಲಿಯೂ ನಡೆದು ಅಲ್ಯುಮಿನಿಯಂ ಸವೆಯುತ್ತದೆ. ನೀರು ಆರಿದ ಮೇಲೆ ಉಳಿಯುವ ಉಪ್ಪಿನ ಹರಳುಗಳು ಮರಳಿನಂತೆ ಉಜ್ಜುತ್ತವೆ. ಆದುದರಿಂದ ತಡೆಯ ಬಿಲ್ಲೆಗಳಿಗೂ ಬೇರಿಂಗುಗಳಿಗೂ ಉಪ್ಪುನೀರಿನಿಂದ ರಕ್ಷಣೆಯಿರುವ ರಾಟೆಯನ್ನೇ ಆರಿಸಬೇಕು.

ಮನೆಗೆ ಬಂದ ಸಂಜೆಯೇ, ನಾಳೆಗೆಂದು ಇಡದೆ, ತಡೆಯ ತಿರುಪನ್ನು ಬಿಗಿದು ರಾಟೆಯ ಮೇಲೆ ಸಿಹಿನೀರನ್ನು ಮೆಲ್ಲನೆ ಚಿಮುಕಿಸಬೇಕು. ಕೊಳಾಯಿಯ ರಭಸದ ಧಾರೆಗೆ ಒಡ್ಡಿದರೆ ಹೊರಗಿನ ಉಪ್ಪು ಒಳಕ್ಕೆ ಹೋಗುತ್ತದೆ. ಒರಸಿ, ನೆರಳಲ್ಲಿ ಆರಿಸಿ, ಆಮೇಲೆ ತಿರುಪನ್ನು ಪೂರ್ತಿ ಸಡಲಿಸಿ ಇಡಬೇಕು. ಬಿಗಿದೇ ಇಟ್ಟರೆ ಬಿಲ್ಲೆಗಳು ಚಪ್ಪಟೆಯಾಗಿ ತಡೆಯ ನಯ ಹೋಗುತ್ತದೆ. ಕೋಲಿನ ಬಳೆಗಳನ್ನು ಹತ್ತಿಯ ತುಂಡಿನಿಂದ ಒರಸಿನೋಡಬೇಕು. ಎಲ್ಲಿಯಾದರೂ ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕಿದೆಯೆಂದರ್ಥ. ಆ ಬಿರುಕು ದಾರವನ್ನು ಗರಗಸದಂತೆ ಕೊಯ್ಯುತ್ತದೆ.

ಕಾಲವನ್ನೂ ನೋಡಬೇಕು. ಪಶ್ಚಿಮ ಕರಾವಳಿಯಲ್ಲಿ ಜೂನ್ ೧ರಿಂದ ಜುಲೈ ೩೧ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ; ಮೀನು ಮರಿಮಾಡುವ ಕಾಲವದು. ಆ ದಿನಗಳಲ್ಲಿ ಕಡಲಂಚಿನ ಬಂಡೆಗಳ ಮೇಲೆ ಕೋಲು ಹಿಡಿದು ನಿಲ್ಲುವುದು ಸಾಹಸವಲ್ಲ, ಅವಿವೇಕ. ಒಂದು ತೆರೆಗೆ ಯಾವ ಹೊಂದಿಕೆಯೂ ಎದುರಿಲ್ಲ.

ಕೋಲನ್ನಾಗಲಿ ರಾಟೆಯನ್ನಾಗಲಿ ಎಂದೂ ಕೊಳ್ಳದ ಮೀನುಗಾರರು ನಮ್ಮ ಕರಾವಳಿಯಲ್ಲಿ ಬರಿಯ ಕೈದಾರದಿಂದ ಮೀನು ಹಿಡಿಯುತ್ತಾರೆ. ಮೀನು ಓಡಿದರೆ ದಾರವನ್ನು ಬೆರಳಸಂದಿಯಲ್ಲಿ ಜಾರಬಿಡುತ್ತಾರೆ, ನಿಂತರೆ ಎಳೆದುಕೊಳ್ಳುತ್ತಾರೆ. ಅವರ ತೋಳೇ ಬಾಗುವ ಕೋಲು, ಬೆರಳೇ ತಡೆ, ದೋಣಿಯ ತಳದಲ್ಲಿ ಬಿದ್ದ ದಾರದ ಸುರುಳಿಯೇ ಉರುಳೆ. ಮೂರೂ ಒಂದೇ ದೇಹದಲ್ಲಿರುವುದರಿಂದ ಹೊಂದಿಕೆಯ ಪ್ರಶ್ನೆಯೇ ಅವರಿಗೆ ಏಳುವುದಿಲ್ಲ. ಅಂಗಡಿಯಲ್ಲಿ ಬಿಡಿಬಿಡಿಯಾಗಿ ಕೊಂಡ ಮೂರು ವಸ್ತುಗಳು ಆ ಒಂದು ತೋಳಿನಷ್ಟು ಒಮ್ಮನಸ್ಸಿನಿಂದ ದುಡಿದರೆ ಕೊಂಡವನ ಹಣ ಸಾರ್ಥಕವಾಯಿತೆಂದು ತಿಳಿಯಬೇಕು.